ನೆಲ ಸವರಿ ಬಂದ ಚೆಂಡು

ಮೂರು ತಿಂಗಳಿಂದ ನನ್ನ ಬಲಗೈ ಭುಜಕ್ಕಿಂತ ಮೇಲೆ ಏಳುತ್ತಿಲ್ಲ. ಅಡುಗೆಮನೆಯ ಮೇಲಿನ ಶೆಲ್ಫಿನಿಂದ ಡಬ್ಬಿ ತೆಗೆಯಲು ಹೋದಾಗ ಮೊದಲು ಗೊತ್ತಾಯಿತು. ಫ್ರೋಜನ್ ಶೋಲ್ಡರ್ ಅಂದರು. ನಿಧಾನಕ್ಕೆ ಸರಿಹೋಗುತ್ತದೆ, ಆದರೆ ವ್ಯಾಯಾಮ ಬಿಡಬೇಡಿ ಅಂದರು. ದಿನಾ ಬೆಳಿಗ್ಗೆ ಮಾಡಬೇಕಾದ ಒಂದು ವ್ಯಾಯಾಮ ಇದೆ. ಎಡಗೈಯನ್ನು ಮೇಜಿಗೆ ಊರಿ, ಸೊಂಟದಿಂದ ಮುಂದಕ್ಕೆ ಬಾಗಿ, ಬಲಗೈಯನ್ನು ನೆಲದ ಕಡೆ ಇಳಿಬಿಡಬೇಕು. ಆಮೇಲೆ ಗಡಿಯಾರದ ಲೋಲಕದ ಹಾಗೆ ಹಿಂದೆ ಮುಂದೆ ತೂಗಬೇಕು. ಹಾಗೆ ಬಾಗಿ ನಿಂತು, ಬೆರಳ ತುದಿ ನೆಲದ ಹತ್ತಿರ ತೂಗುವುದನ್ನು ನೋಡುವಾಗಲೆಲ್ಲ ನನಗೆ ಒಬ್ಬ ಮನುಷ್ಯ ನೆನಪಾಗುತ್ತಾರೆ. ನಾನು ಅವರನ್ನು ಎಂದೂ ನೋಡಿಲ್ಲ. ಅವರ ಆಟವನ್ನು ನಾವು ಆಡಿ ಬೆಳೆದವರೂ ಅಲ್ಲ. ಡ್ಯಾನ್ ಕ್ವಿಸೆನ್‌ಬೆರಿ ಅಂತ ಹೆಸರು. ಕಾನ್ಸಾಸ್ ಸಿಟಿ ರಾಯಲ್ಸ್ ತಂಡದ ಬೇಸ್‌ಬಾಲ್ ಪಿಚರ್, ಅಂದರೆ ಬ್ಯಾಟರ್‌ಗೆ ಚೆಂಡು ಎಸೆಯುವವರು. ಆ ಊರಿನವರ ಬಾಯಲ್ಲಿ ಬರೀ ಕ್ವಿಜ್.

ಈ ವರ್ಷ ನನಗೆ 45 ತುಂಬಿತು. ಕ್ವಿಜ್ ತೀರಿಕೊಂಡದ್ದೂ 45ನೇ ವಯಸ್ಸಿಗೆ. ಈ ಲೆಕ್ಕ ತಲೆಯಲ್ಲಿ ಸುಮ್ನೆ ಕೂತುಬಿಟ್ಟಿದೆ, ಹೋಗುತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನೀಲಿ ಅಂಗಿಯ ದಿನ

ಕೆಲಸದ ಮೇಲೆ ಮೂರು ವರ್ಷ ಓವರ್‌ಲ್ಯಾಂಡ್ ಪಾರ್ಕಿನಲ್ಲಿದ್ದೆ. ಕಾನ್ಸಾಸ್ ಸಿಟಿಗೆ ಅಂಟಿಕೊಂಡ ಊರು. 2015ರಲ್ಲಿ ರಾಯಲ್ಸ್ ತಂಡ ವರ್ಲ್ಡ್ ಸೀರೀಸ್, ಅಂದರೆ ಬೇಸ್‌ಬಾಲಿನ ಫೈನಲ್ ಸರಣಿ, ಗೆದ್ದಿತು. 30 ವರ್ಷದ ಮೇಲೆ ಬಂದ ಗೆಲುವು. ನವೆಂಬರಿನ ಮೆರವಣಿಗೆಗೆ ಇಡೀ ಊರು ನೀಲಿ ಅಂಗಿ ಹಾಕಿಕೊಂಡು ಯೂನಿಯನ್ ಸ್ಟೇಷನ್ ಕಡೆ ಹರಿಯಿತು. ನಾನೂ ಹೋಗಿದ್ದೆ. ನಮ್ಮ ಕಡೆ ಜಾತ್ರೆಯಲ್ಲಿ ತೇರು ಎಳೆಯುವ ದಿನ ಮುಖಗಳು ಹೇಗಿರುತ್ತವೋ ಹಾಗಿದ್ದವು ಮುಖಗಳು. ಅಲ್ಲಿಯತನಕ ನನಗೆ ಬೇಸ್‌ಬಾಲ್ ಅಂದರೆ ಟಿವಿಯಲ್ಲಿ ದಾಟಿ ಹೋಗುವ ಚಾನೆಲ್ ಆಗಿತ್ತು. ಆ ವರ್ಷ ಪೂರ್ತಿ ನೋಡಿದೆ. ನೋಡುತ್ತಾ ನೋಡುತ್ತಾ ನನ್ನನ್ನು ಹಿಡಿದದ್ದು ನಮ್ಮ ಸಿಕ್ಸರಿನಂಥ ಹೋಮ್‌ರನ್ ಅಲ್ಲ, ಬುಲ್‌ಪೆನ್. ಮೈದಾನದ ಅಂಚಿನಲ್ಲಿ ಬೇಲಿ ಹಾಕಿದ ಒಂದು ಜಾಗ. ರಿಲೀಫ್ ಪಿಚರ್‌ಗಳು ಅಲ್ಲಿ ಎರಡು ಮೂರು ಗಂಟೆ ಕೂತಿರುತ್ತಾರೆ. ಮೊದಲ ಪಿಚರ್ ಸುಸ್ತಾದಾಗ, ಇಲ್ಲವೇ ಪಂದ್ಯ ಕೈತಪ್ಪುವ ಹಾಗೆ ಆದಾಗ, ಅಲ್ಲಿನ ಫೋನ್ ರಿಂಗಾಗುತ್ತದೆ. ಒಬ್ಬ ಎದ್ದು ಕೈ ಬೆಚ್ಚಗೆ ಮಾಡಿಕೊಳ್ಳುತ್ತಾನೆ. ನಮ್ಮ ಡೆತ್ ಓವರ್ ಬೌಲರ್‌ಗೆ ಹೋಲಿಸಬಹುದು. ಆದರೆ ಡೆತ್ ಓವರ್ ಬೌಲರ್ ಮೊದಲಿಂದಲೂ ಮೈದಾನದಲ್ಲೇ ಇರುತ್ತಾನೆ, ಅಲ್ವಾ? ಇವನು ಹೊರಗಿನಿಂದ, ಆಗಲೇ ಬೆಂಕಿ ಹತ್ತಿಕೊಂಡ ಮನೆಯೊಳಗೆ ನಡೆದುಕೊಂಡು ಬರಬೇಕು.

ಆ ವರ್ಷದ ರಾಯಲ್ಸ್ ಬುಲ್‌ಪೆನ್ನಿನಲ್ಲಿ ವೇಡ್ ಡೇವಿಸ್, ಕೆಲ್ವಿನ್ ಹೆರೇರಾ ಥರದವರಿದ್ದರು. ಗಂಟೆಗೆ 95 ಮೈಲಿ ಮೀರಿದ ಚೆಂಡುಗಳು. ಮೆರವಣಿಗೆಯ ಸಂಜೆ ಪಕ್ಕದ ಮನೆಯ ಹಿರಿಯರ ಜತೆ ಅವರ ಗ್ಯಾರೇಜ್ ಮುಂದೆ ನಿಂತು ಈ ವೇಗದ ಬಗ್ಗೆಯೇ ಮಾತಾಡುತ್ತಿದ್ದೆ. ಅವರು ಸ್ಕೂಲ್ ಬಸ್ ಓಡಿಸಿ ನಿವೃತ್ತರಾದವರು. ಎಲ್ಲ ಕೇಳಿಸಿಕೊಂಡರು. ಆಮೇಲೆ ಒಳಗೆ ಹೋಗಿ ಒಂದು ಹಳೇ ಚೆಂಡು ತಂದರು. 'ನೀನು ಕ್ವಿಜ್‌ನ ನೋಡಿಲ್ಲ' ಅಂದರು. ಡ್ರೈವ್‌ವೇಯಲ್ಲಿ ನಿಂತು, ಎಡಗಾಲು ಮುಂದಿಟ್ಟು, ಎಪ್ಪತ್ತು ದಾಟಿದ ಮೈಯನ್ನು ಸೊಂಟದಿಂದ ಬಗ್ಗಿಸಿದರು. ಬೆರಳ ಗಿಣ್ಣು ಕಾಂಕ್ರೀಟಿಗೆ ತಾಗುತ್ತದೇನೋ ಅನ್ನುವಷ್ಟು ಕೆಳಗಿನಿಂದ ಚೆಂಡು ಬಿಟ್ಟರು. ಅದು ಮೆಲ್ಲಗೆ ಮೇಲೆದ್ದು, ನನ್ನ ಹತ್ತಿರ ಬರುತ್ತಾ ಮುಳುಗಿ, ಪಾದದ ಬಳಿ ಬಿತ್ತು. ನಾನು ಹೆಕ್ಕಿಕೊಟ್ಟೆ. ಇನ್ನೊಮ್ಮೆ ಎಸೆದರು. ಕತ್ತಲಾಗುವ ತನಕ ಎಸೆಯುತ್ತಲೇ ಇದ್ದರು. ಅವರು ಅಂದು ಕ್ವಿಜ್ ಬಗ್ಗೆ ಹೇಳಿದ್ದು ಕಮ್ಮಿ. ಎಸೆದು ತೋರಿಸಿದ್ದೇ ಜಾಸ್ತಿ.

ತೋಳು ಕೆಳಗಿಳಿದ ಕಥೆ

ಕ್ವಿಸೆನ್‌ಬೆರಿ ಹುಟ್ಟಿದ್ದು 1953ರಲ್ಲಿ, ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದಲ್ಲಿ. ಓದಿದ್ದು ಲಾ ವರ್ನ್ ಅನ್ನುವ ಸಣ್ಣ ಕಾಲೇಜಿನಲ್ಲಿ. ಅಲ್ಲಿ ಎಸೆದು ಎಸೆದು ತೋಳು ದಣಿಯಿತು. ದಣಿದ ತೋಳು ತಾನಾಗಿ ಪಕ್ಕಕ್ಕೆ ಇಳಿಯಿತು. 1975ರಲ್ಲಿ ಕಾಲೇಜು ಮುಗಿದಾಗ ಡ್ರಾಫ್ಟಿನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸಬರನ್ನು ಆಯ್ದುಕೊಳ್ಳುವಾಗ, ಯಾವ ತಂಡವೂ ಅವರನ್ನು ಆರಿಸಲಿಲ್ಲ. ರಾಯಲ್ಸ್ ಸುಮ್ನೆ ಸಹಿ ಹಾಕಿಸಿಕೊಂಡಿತು. ನಾಲ್ಕು ವರ್ಷ ಸಣ್ಣ ಊರುಗಳ ತಂಡಗಳಲ್ಲಿ ಕಳೆದು, 1979ರ ಜುಲೈನಲ್ಲಿ, 26ನೇ ವಯಸ್ಸಿಗೆ ದೊಡ್ಡ ಲೀಗಿಗೆ ಬಂದರು. ವೇಗ ಇರಲಿಲ್ಲ. ಗಂಟೆಗೆ 80 ಮೈಲಿಯ ಆಸುಪಾಸು. ಆ ಮಟ್ಟದಲ್ಲಿ ಅದು ಬ್ಯಾಟರ್‌ಗೆ ಕೈತುತ್ತು ಹಾಕಿದ ಹಾಗೆ.

1980ರ ವಸಂತದಲ್ಲಿ ರಾಯಲ್ಸ್‌ಗೆ ಜಿಮ್ ಫ್ರೇ ಅಂತ ಹೊಸ ಮ್ಯಾನೇಜರ್ ಬಂದರು. ತರಬೇತಿಯ ದಿನಗಳಲ್ಲಿ ಅವರು ಎದುರಾಳಿ ಪಿಟ್ಸ್‌ಬರ್ಗ್ ತಂಡದ ಕೆಂಟ್ ಟೆಕಲ್ವಿ ಹತ್ತಿರ ಹೋಗಿ, ನಮ್ಮ ಹುಡುಗನಿಗೆ ನಿಮ್ಮ ಥರ ಎಸೆಯುವುದು ಕಲಿಸಿಕೊಡಿ ಅಂತ ಕೇಳಿದರು. ಟೆಕಲ್ವಿ ಸಬ್‌ಮರೀನ್ ಪಿಚರ್. ಸೊಂಟ ಬಗ್ಗಿಸಿ, ತೋಳನ್ನು ನೆಲದ ಮಟ್ಟಕ್ಕಿಳಿಸಿ ಎಸೆಯುವವರು. ಹಿಂದಿನ ವರ್ಷವಷ್ಟೇ ವರ್ಲ್ಡ್ ಸೀರೀಸ್ ಗೆದ್ದ ತಂಡದವರು. ಬೇರೆ ತಂಡದ ಹುಡುಗನಿಗೆ ತನ್ನ ವಿದ್ಯೆ ಕಲಿಸಿಬಿಟ್ಟರು. ಈ ಕಥೆಯಲ್ಲಿ ನಾನು ಪ್ರತಿ ಸಲ ನಿಲ್ಲುವುದು ಇಲ್ಲೇ. ಕೇಳಿದವರೂ ದೊಡ್ಡವರು, ಕೊಟ್ಟವರೂ ದೊಡ್ಡವರು. ಅರ್ಧ ಇಳಿದ ತೋಳನ್ನು ಮೇಲೆತ್ತು ಅಂತ ಯಾರೂ ಹೇಳಲಿಲ್ಲ. ಇನ್ನೂ ಕೆಳಗೆ ಇಳಿಸು ಅಂದರು.

ಅದೇ ವರ್ಷ ಕ್ವಿಜ್ 33 ಸೇವ್ ಮಾಡಿ, ದೊಡ್ಡ ಬೇಸ್‌ಬಾಲಿನ ಎರಡು ಲೀಗುಗಳಲ್ಲಿ ಒಂದಾದ ಅಮೆರಿಕನ್ ಲೀಗಿನಲ್ಲಿ ಮುಂದೆ ನಿಂತರು. ತಂಡ ಮುಂದಿರುವಾಗ ಬಂದು, ಆ ಮುನ್ನಡೆಯನ್ನು ಕೊನೆಯ ಔಟಿನ ತನಕ ಕಾಯ್ದರೆ ಅದು ಸೇವ್. 1969ರಿಂದ ಅದಕ್ಕೆ ಅಧಿಕೃತ ಲೆಕ್ಕ ಇದೆ. 1983ರಲ್ಲಿ ಕ್ವಿಜ್ 45 ಸೇವ್ ಮಾಡಿದರು. ಅಲ್ಲಿಯ ತನಕದ ದಾಖಲೆ ಜಾನ್ ಹಿಲ್ಲರ್ ಅವರ 38. ಆ ವರ್ಷ ಆಡಿದ್ದು 69 ಪಂದ್ಯ, 139 ಇನ್ನಿಂಗ್ಸ್ (ಬೇಸ್‌ಬಾಲಿನಲ್ಲಿ ಒಂದು ಪಂದ್ಯಕ್ಕೆ ಒಂಬತ್ತು ಇನ್ನಿಂಗ್ಸ್). ಅಂದರೆ ಬಂದಾಗಲೆಲ್ಲ ಸರಾಸರಿ ಎರಡು ಇನ್ನಿಂಗ್ಸ್. ಈಗಿನ ಕ್ಲೋಸರ್‌ಗಳು, ಅಂದರೆ ಪಂದ್ಯ ಮುಗಿಸಲು ಬರುವ ಪಿಚರ್‌ಗಳು, ಸಾಮಾನ್ಯವಾಗಿ ಒಂದೇ ಇನ್ನಿಂಗ್ಸಿಗೆ ಬರುತ್ತಾರೆ.

ನನಗೆ ಇದಕ್ಕಿಂತ ಇಷ್ಟವಾದ ಇನ್ನೊಂದು ಲೆಕ್ಕ ಇದೆ. ಅದೇ 1983ರಲ್ಲಿ ಅವರ ಮುಂದೆ ಐನೂರಕ್ಕೂ ಹೆಚ್ಚು ಸಲ ಬ್ಯಾಟರ್‌ಗಳು ಬಂದು ನಿಂತರು. ಅದರಲ್ಲಿ ಗುರಿ ತಪ್ಪಿ, ಪುಕ್ಕಟೆ ಬೇಸ್ (ರನ್ನಿಗಾಗಿ ದಾಟಬೇಕಾದ ಮೂಲೆಗಳಲ್ಲಿ ಮೊದಲನೆಯದು) ಕೊಟ್ಟದ್ದು 11 ಸಲ ಮಾತ್ರ. ಬ್ಯಾಟರ್ ಚೆಂಡು ಹೊಡೆಯಲಾಗದೆ ಔಟಾದದ್ದು, ಅಂದರೆ ಸ್ಟ್ರೈಕ್‌ಔಟ್, 48 ಸಲ. ಉಳಿದವರೆಲ್ಲ ಏನಾದರು? ಬಹುತೇಕ ಎಲ್ಲರೂ ಚೆಂಡನ್ನು ಹೊಡೆದರು. ಕ್ವಿಜ್ ಹೊಡೆಯಲು ಬಿಟ್ಟರು. ಕೆಳಗಿನಿಂದ ಬಂದ ಚೆಂಡು ಬ್ಯಾಟಿನ ಹತ್ತಿರ ಮುಳುಗುತ್ತದೆ. ಬ್ಯಾಟು ಚೆಂಡಿನ ನೆತ್ತಿಗೆ ತಾಗುತ್ತದೆ. ಚೆಂಡು ನೆಲಕ್ಕೆ ಬಿದ್ದು ಉರುಳುತ್ತದೆ. ಉರುಳಿದ ಚೆಂಡು ಎಲ್ಲಿಗೆ ಹೋಗಬೇಕೋ ಅಲ್ಲಿ ಒಬ್ಬ ಫೀಲ್ಡರ್ ನಿಂತಿರುತ್ತಾನೆ. ಎರಡನೇ ಬೇಸ್ ಹತ್ತಿರ ಫ್ರಾಂಕ್ ವೈಟ್, ಮೂರನೇ ಬೇಸಿನಲ್ಲಿ ಜಾರ್ಜ್ ಬ್ರೆಟ್. ಆಗ ರಾಯಲ್ಸ್ ಮೈದಾನದಲ್ಲಿ ಹುಲ್ಲಿನ ಬದಲು ಕೃತಕ ಹಾಸು. ಚೆಂಡು ಅದರ ಮೇಲೆ ಸರ್ರನೆ ಓಡುತ್ತಿತ್ತು. ಅಂಥ ನೆಲದ ಮೇಲೆ, ಪಂದ್ಯದ ಕೊನೆಯ ಗಳಿಗೆಯಲ್ಲಿ, ಬೇಸುಗಳ ಮೇಲೆ ಎದುರಾಳಿಗಳು ನಿಂತಿರುವಾಗ, ಬೇಕೆಂದೇ ಹೊಡೆಯಲು ಕೊಡುವುದು ಅಂದರೆ ಏನು ಯೋಚಿಸಿ. ನನ್ನ ಮಾನ ನನ್ನ ಹಿಂದೆ ನಿಂತವರ ಕೈಯಲ್ಲಿದೆ ಅಂತ ಒಪ್ಪಿಕೊಂಡು ಎಸೆಯಬೇಕು. ಬರೀ ಧೈರ್ಯಕ್ಕೆ ಅದು ಆಗುವುದಿಲ್ಲ. ಜತೆಗಿರುವವರ ಮೇಲೆ ನಂಬಿಕೆ ಬೇಕು. ದಿನಾ ಬೇಕು.

ರಿಲೀಫ್ ಪಿಚರ್‌ಗಳಿಗೆ ಕೊಡುವ ದೊಡ್ಡ ಪ್ರಶಸ್ತಿ ಬಂದಾಗ ಕ್ವಿಜ್ ಆಡಿದ ಮಾತನ್ನು ಅಲ್ಲಿನವರು ಇನ್ನೂ ಹೇಳುತ್ತಾರೆ. ಒಂಬತ್ತು ಇನ್ನಿಂಗ್ಸ್ ಪೂರ್ತಿ ಎಸೆಯಲು ಆಗದ ಪಿಚರ್‌ಗಳಿಗೂ, ಎಸೆಯಲು ಬಿಡದ ಮ್ಯಾನೇಜರ್ ಡಿಕ್ ಹೌಸರ್‌ಗೂ ಥ್ಯಾಂಕ್ಸ್ ಅಂದರು. ಜನ ನಕ್ಕರು. ನನಗೆ ಆ ನಗುವಿನ ಅಡಿಯಲ್ಲಿ ನಿಜ ಕೇಳಿಸುತ್ತದೆ. ತನ್ನ ಕೆಲಸ ಇನ್ನೊಬ್ಬರ ದಣಿವಿನಿಂದ ಹುಟ್ಟುತ್ತದೆ, ಇನ್ನೊಬ್ಬರ ಕೈಯಿಂದ ಮುಗಿಯುತ್ತದೆ ಅಂತ ಅವರಿಗೆ ಗೊತ್ತಿತ್ತು. ಇನ್ನೊಂದು ಮಾತೂ ಪ್ರಸಿದ್ಧ. ಎಸೆತದಲ್ಲಿ ದೋಷ ಇದೆ ಅಂತ ಹೇಳುತ್ತಾರಲ್ಲ, ಕ್ವಿಜ್ ಅದನ್ನು ತಿರುಗಿಸಿ, ನನ್ನ ದೋಷದಲ್ಲೇ ಒಂದು ಎಸೆತ ಸಿಕ್ಕಿತು ಅಂದರು.

ಹಾಸನದ ಒಂದು ಬೇಸಿಗೆ

ಈ ಮಾತು ಮೊದಲ ಸಲ ಓದಿದಾಗ ಓವರ್‌ಲ್ಯಾಂಡ್ ಪಾರ್ಕಿನ ಲೈಬ್ರರಿಯಲ್ಲಿದ್ದೆ. ಎದ್ದು ಹೊರಗೆ ಬಂದು ಕಾರಿನಲ್ಲಿ ಸ್ವಲ್ಪ ಹೊತ್ತು ಕೂತೆ.

ನಾನು ಹುಡುಗನಾಗಿದ್ದಾಗ ಪಕ್ಕದಿಂದ, ತೋಳು ಅಡ್ಡಕ್ಕೆ ಬೀಸಿ ಬೌಲ್ ಮಾಡುತ್ತಿದ್ದೆ. ನಮ್ಮ ಬೀದಿಯಲ್ಲಿ ಮಾವಿನ ಮರದ ಕೊಂಬೆ ಕೆಳಗೆ ಬಾಗಿತ್ತು. ಕೈ ಮೇಲೆತ್ತಿದರೆ ಕೊಂಬೆಗೆ ತಾಗುತ್ತಿತ್ತು. ಹಾಗಾಗಿ ಅಭ್ಯಾಸವೇ ಹಾಗೆ ಬಂತು. ಮೊಣಕೈ ನೆಟ್ಟಗಿತ್ತು, ಚಕ್ ಮಾಡುತ್ತಿರಲಿಲ್ಲ. ಟೆನಿಸ್ ಬಾಲ್ ನೆಲ ಸವರಿಕೊಂಡು ಹೋಗಿ ಕಾಲಿನ ಬುಡಕ್ಕೆ ನುಗ್ಗುತ್ತಿತ್ತು. ದೊಡ್ಡ ಹುಡುಗರೂ ಬೌಲ್ಡ್ ಆಗುತ್ತಿದ್ದರು. 13ನೇ ವಯಸ್ಸಿಗೆ ಅಪ್ಪ ಒಂದು ಬೇಸಿಗೆ ಶಿಬಿರಕ್ಕೆ ಸೇರಿಸಿದರು. ಮೊದಲ ದಿನವೇ ಅಲ್ಲಿನ ಕೋಚ್ ನನ್ನನ್ನು ಸಾಲಿನಿಂದ ಹೊರಗೆ ಕರೆದು ನಿಲ್ಲಿಸಿದರು. ಎಲ್ಲರ ಮುಂದೆ ಬೌಲ್ ಮಾಡಿಸಿದರು. 'ನೋಡಿ, ಹೀಗೆ ಮಾಡಬಾರದು' ಅಂದರು. ಕೈ ಕಿವಿಗೆ ತಾಗಬೇಕು ಅಂತ ಒಂದು ವಾರ ಗೋಡೆ ಪಕ್ಕ ನಿಲ್ಲಿಸಿ ತೋಳು ತಿರುಗಿಸುವಂತೆ ಮಾಡಿದರು. ಕೈ ಕಿವಿಗೆ ತಾಗಿತು. ಚೆಂಡು ಮಾತ್ರ ಎಲ್ಲೂ ಹೋಗಲಿಲ್ಲ. ಎರಡನೇ ವಾರ ನಾನು ಶಿಬಿರಕ್ಕೆ ಹೋಗುವುದು ಬಿಟ್ಟೆ. ಆಮೇಲೆ ಬೀದಿಯಲ್ಲೂ ಬೌಲ್ ಮಾಡಲಿಲ್ಲ. ಹಳೇ ಆಕ್ಷನ್ ಮಾಡಲು ನಾಚಿಕೆ, ಹೊಸದು ಬರುವುದಿಲ್ಲ.

ನಾನು ದೊಡ್ಡ ಆಟಗಾರ ಆಗುತ್ತಿದ್ದೆ ಅಂತ ಹೇಳುತ್ತಿಲ್ಲ. ಆಗುತ್ತಿರಲಿಲ್ಲ. ಆದರೆ ಅದು ನನ್ನದು ಅನ್ನುವ ಒಂದು ವಸ್ತು ಆ ವಾರ ಕೈಬಿಟ್ಟು ಹೋಯಿತು. ಅಪ್ಪ ಆಗ ಸಮಾಧಾನಕ್ಕೆ ಹೇಳಿದ್ದು ಚಂದ್ರಶೇಖರ್ ಕಥೆ. ಮೈಸೂರಿನ ಹುಡುಗ, ಬಾಲ್ಯದಲ್ಲೇ ಪೋಲಿಯೋ ಬಂದು ಬಲಗೈ ಸೊರಗಿತು. ಆ ಸೊರಗಿದ ಕೈಯಿಂದಲೇ 1971ರಲ್ಲಿ ಓವಲ್‌ನಲ್ಲಿ 38 ರನ್ನಿಗೆ 6 ವಿಕೆಟ್ ಕಿತ್ತರು, ಭಾರತ ಇಂಗ್ಲೆಂಡಿನಲ್ಲಿ ಮೊದಲ ಸಲ ಟೆಸ್ಟ್ ಗೆದ್ದಿತು. 58 ಟೆಸ್ಟಿನಲ್ಲಿ 242 ವಿಕೆಟ್. ಆಗ ನನಗೆ ಸಿಟ್ಟು ಬಂದಿತ್ತು. ಚಂದ್ರ ಅಂಥವರು ಸಾವಿರಕ್ಕೊಬ್ಬರು, ನನಗೆ ಯಾಕೆ ಹೇಳುತ್ತೀರಿ ಅಂದಿದ್ದೆ. ಅಪ್ಪ ಹೇಳಲು ಹೊರಟಿದ್ದು ಬೇರೆ ಇತ್ತು ಅಂತ ಈಗ ಅನ್ನಿಸುತ್ತದೆ. ಚಂದ್ರ ಅವರ ಕೈಯನ್ನು ಯಾರೋ ಸರಿಮಾಡಲು ಹೋಗದೆ ಬಿಟ್ಟಿದ್ದರು. ಫ್ರೇ ಮತ್ತು ಟೆಕಲ್ವಿ ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋದರು.

ಕೈ ಸೋತ ಮೇಲೆ

1980ರಿಂದ 1985ರ ತನಕ ಆರು ವರ್ಷದಲ್ಲಿ ಐದು ವರ್ಷ ಅಮೆರಿಕನ್ ಲೀಗಿನ ಸೇವ್ ಪಟ್ಟಿಯಲ್ಲಿ ಕ್ವಿಜ್ ಮೊದಲು. ನಂತರ ಬಲು ಬೇಗ ಇಳಿಯಿತು. 1986ರಲ್ಲಿ 12 ಸೇವ್, 1987ರಲ್ಲಿ 8. ವಯಸ್ಸು 34. ಬ್ಯಾಟರ್‌ಗಳು ಆ ಕೋನಕ್ಕೆ ಒಗ್ಗಿಕೊಂಡಿದ್ದರು. ಎಡಗೈ ಬ್ಯಾಟರ್‌ಗಳಿಗೆ ಸಬ್‌ಮರೀನ್ ಚೆಂಡು ಹೇಗೂ ಚೆನ್ನಾಗಿ ಕಾಣುತ್ತದೆ. ಬುಲ್‌ಪೆನ್ ಫೋನ್ ರಿಂಗಾಗುತ್ತಿತ್ತು, ಬೇರೆಯವರಿಗೆ. ಕ್ಲಬ್ ಜತೆ ಜೀವಮಾನದ ಒಪ್ಪಂದ ಇತ್ತು. ಆದರೂ 1988ರ ಜುಲೈನಲ್ಲಿ ಬಿಡುಗಡೆ ಮಾಡಿದರು. ಕರೆದುಕೊಂಡವರು ಸೇಂಟ್ ಲೂಯಿಸ್ ಕಾರ್ಡಿನಲ್ಸ್‌ನ ವೈಟಿ ಹರ್ಜೋಗ್. 1979ರಲ್ಲಿ ರಾಯಲ್ಸ್‌ನಲ್ಲಿ ಕ್ವಿಜ್‌ಗೆ ಮೊದಲ ಅವಕಾಶ ಕೊಟ್ಟ ಮ್ಯಾನೇಜರ್ ಅವರೇ. 1990ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್ ಪರ ಐದು ಪಂದ್ಯ ಆಡುವಷ್ಟರಲ್ಲಿ ಭುಜ ಕೈಕೊಟ್ಟಿತು. ಆಟ ಬಿಟ್ಟರು. ಒಟ್ಟು 244 ಸೇವ್. 1996ರಲ್ಲಿ, ಬೇಸ್‌ಬಾಲಿನ ದೊಡ್ಡವರನ್ನು ಮತ ಹಾಕಿ ಸೇರಿಸಿಕೊಳ್ಳುವ ಹಾಲ್ ಆಫ್ ಫೇಮ್‌ನ ಮತಪಟ್ಟಿಯಲ್ಲಿ ಹೆಸರು ಬಂತು. ಐದು ಶೇಕಡಾ ಮತ ಕೂಡ ಸಿಗಲಿಲ್ಲ. ಒಂದೇ ವರ್ಷಕ್ಕೆ ಪಟ್ಟಿಯಿಂದ ಬಿದ್ದುಹೋಯಿತು. ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. 

37ನೇ ವಯಸ್ಸಿಗೆ ಆಟ ಮುಗಿದ ಮನುಷ್ಯ ಮನೆಗೆ ಬಂದು ಏನು ಮಾಡುತ್ತಾನೆ? ಕ್ವಿಜ್ ಕವಿತೆ ಬರೆಯಲು ಕೂತರು. ಒಂದು ಕವಿತೆಯಲ್ಲಿ ತಮ್ಮದೇ ಹಳೇ ಬೇಸ್‌ಬಾಲ್ ಕಾರ್ಡುಗಳನ್ನು ಒಂದೊಂದಾಗಿ ನೋಡುತ್ತಾರೆ. ವರ್ಷ ವರ್ಷಕ್ಕೆ ಮುಖ ಬದಲಾಗುವುದನ್ನು ನೋಡುತ್ತಾರೆ. ಬೇರೆ ಆಟಗಾರರಾದರೆ ಬೇರೆಯವರ ಕೈಲಿ ಆತ್ಮಕಥೆ ಬರೆಸುತ್ತಿದ್ದರೇನೋ. ಇವರು ಮತ್ತೆ ಮೊದಲ ತರಗತಿಗೆ ಸೇರಿದ ಹಾಗೆ, ಬಾರದ ಒಂದು ಕೆಲಸವನ್ನು ಹತ್ತಿರ ಕೂತು ಕಲಿತರು. 1998ರಲ್ಲಿ ಒಂದು ಸಣ್ಣ ಸಂಕಲನ ಬಂತು.

ಅದೇ 1998ರ ಜನವರಿಯಲ್ಲಿ ಮೆದುಳಿನಲ್ಲಿ ಗಡ್ಡೆ ಇದೆ ಅಂತ ಗೊತ್ತಾಗಿತ್ತು. ಇದನ್ನು ಬರೆಯುವಾಗ ಕೈ ನಿಲ್ಲುತ್ತದೆ. ಯಾಕಂದರೆ ಡಿಕ್ ಹೌಸರ್ ಕೂಡ ಇದೇ ಕಾಯಿಲೆಯಿಂದ ಹೋದವರು. 1985ರಲ್ಲಿ ತಂಡವನ್ನು ಗೆಲ್ಲಿಸಿದ ಮ್ಯಾನೇಜರ್. ಮರುವರ್ಷವೇ ಗಡ್ಡೆ ಸಿಕ್ಕಿತು. 1987ರ ಜೂನ್‌ನಲ್ಲಿ, 51ನೇ ವಯಸ್ಸಿಗೆ ತೀರಿಕೊಂಡರು. ಕ್ವಿಜ್ ಅದನ್ನೆಲ್ಲ ಹತ್ತಿರದಿಂದ ಕಂಡಿದ್ದರು. ಮುಂದೆ ಏನೇನು ಬರುತ್ತದೆ ಅಂತ ಅವರಿಗೆ ಗೊತ್ತಿತ್ತು. ಮೇ ತಿಂಗಳಲ್ಲಿ ರಾಯಲ್ಸ್ ತಮ್ಮ ಹಾಲ್ ಆಫ್ ಫೇಮ್‌ಗೆ ಅವರನ್ನು ಸೇರಿಸಿಕೊಂಡಿತು. ಹಳೇ ಜತೆಗಾರರು ಬಂದು ಸುತ್ತ ನಿಂತರು. ಹಿಂದೆ ನಿಂತು ಚೆಂಡು ಹಿಡಿದುಕೊಟ್ಟವರೇ. ಸೆಪ್ಟೆಂಬರ್ 30ರಂದು ಲೀವುಡ್‌ನಲ್ಲಿ ಕೊನೆಯುಸಿರೆಳೆದರು. ನಾನಿದ್ದ ಮನೆಗೆ ಲೀವುಡ್ ಅಂದರೆ ಪಕ್ಕದ ಊರು. ದಿನಸಿ ತರಲು ಅದೇ ರಸ್ತೆಯಲ್ಲಿ ಹೋಗುತ್ತಿದ್ದೆ.

ಆರನೇ ಪಂದ್ಯ

ಭುಜ ಜಾಸ್ತಿ ನೋಯುವ ರಾತ್ರಿ ನಿದ್ದೆ ಬರುವುದಿಲ್ಲ. ಆಗ ನಾನು 1985ರ ವರ್ಲ್ಡ್ ಸೀರೀಸ್‌ನ ಆರನೇ ಪಂದ್ಯದ ವಿಡಿಯೋ ಹಾಕಿಕೊಳ್ಳುತ್ತೇನೆ. ಅಕ್ಟೋಬರ್ 26, ಕಾನ್ಸಾಸ್ ಸಿಟಿ. ಏಳು ಪಂದ್ಯದ ಸರಣಿಯಲ್ಲಿ ಸೇಂಟ್ ಲೂಯಿಸ್ 3–2ರಿಂದ ಮುಂದಿದೆ. ಸೋತರೆ ರಾಯಲ್ಸ್ ಕಥೆ ಮುಗಿಯಿತು. ಎಂಟನೇ ಇನ್ನಿಂಗ್ಸಿನಲ್ಲಿ ಒಂದು ರನ್ ಹೋಗಿದೆ, ಇಬ್ಬರು ಔಟಾಗಿದ್ದಾರೆ. ಅಲ್ಲಿಯ ತನಕ ಚೆನ್ನಾಗಿ ಎಸೆದ ಚಾರ್ಲಿ ಲೀಬ್ರಾಂಟ್ ಚೆಂಡು ಒಪ್ಪಿಸಿ ಹೊರಡುತ್ತಾರೆ. ಬುಲ್‌ಪೆನ್ ಬಾಗಿಲು ತೆರೆಯುತ್ತದೆ. ಕ್ವಿಜ್ ಬರುತ್ತಾರೆ. ಬಾಗಿ ಎಸೆಯುತ್ತಾರೆ. ಆ ಇನ್ನಿಂಗ್ಸಿನಲ್ಲೂ, ಒಂಬತ್ತನೆಯದರಲ್ಲೂ ಇನ್ನೊಂದು ರನ್ ಬಿಡುವುದಿಲ್ಲ.

ಆಮೇಲಿನದನ್ನು ಎಲ್ಲರೂ ಅಂಪೈರ್ ಡಾನ್ ಡೆಂಕಿಂಗರ್ ಅವರ ತಪ್ಪಿನಿಂದ ನೆನಪಿಟ್ಟುಕೊಂಡಿದ್ದಾರೆ. ಔಟಾಗಿದ್ದ ಹೋರ್ಹೆ ಓರ್ಟಾರನ್ನು ಸೇಫ್ ಅಂದುಬಿಟ್ಟರು. ಈಗಿನ ಹಾಗೆ ರಿಪ್ಲೇ ನೋಡಿ ತೀರ್ಪು ಬದಲಿಸುವ ಪದ್ಧತಿ ಆಗ ಇರಲಿಲ್ಲ. ನನ್ನ ಕಣ್ಣು ಬೇರೆ ಕಡೆ ಇರುತ್ತದೆ. ಎಸೆಯುತ್ತಿರುವುದು ಕಾರ್ಡಿನಲ್ಸ್‌ನ ಹೊಸ ಹುಡುಗ ಟಾಡ್ ವೊರೆಲ್. ಅವರೂ ರಿಲೀಫ್ ಪಿಚರ್, ಭಯಂಕರ ವೇಗ. ಬೇಸುಗಳು ತುಂಬುತ್ತವೆ. ಒಬ್ಬ ಔಟ್. ಮುಂದಿನ ಬ್ಯಾಟಿಂಗ್ ಸರದಿ ಪಿಚರ್‌ದು, ಅಂದರೆ ಕ್ವಿಜ್‌ದು. ಆದರೆ ಅವರು ಏಳುವುದಿಲ್ಲ. ಅವರ ಬದಲು ಡೇನ್ ಐಯೋರ್ಗ್ ಬ್ಯಾಟ್ ಹಿಡಿದು ಹೊರಡುತ್ತಾರೆ. ಹಿಂದಿನ ವರ್ಷದ ತನಕ ಅದೇ ಸೇಂಟ್ ಲೂಯಿಸ್ ತಂಡದಲ್ಲಿದ್ದವರು. ಕ್ವಿಜ್‌ಗೆ ಮಾಡಲು ಇನ್ನೇನೂ ಉಳಿದಿಲ್ಲ. ಕೂತು ನೋಡುವುದಷ್ಟೇ. ಐಯೋರ್ಗ್ ಹೊಡೆದ ಚೆಂಡು ಬಲಗಡೆ ಬೀಳುತ್ತದೆ. ಒಬ್ಬ ಬರುತ್ತಾನೆ, ಅವನ ಹಿಂದೆ ಜಿಮ್ ಸಂಡ್‌ಬರ್ಗ್ ಮಣ್ಣಿನಲ್ಲಿ ಜಾರಿ ಬಂದು ಪ್ಲೇಟ್ ಮುಟ್ಟುತ್ತಾರೆ. 2–1. ಮರುದಿನ 11–0 ಗೆದ್ದು ರಾಯಲ್ಸ್ ಚಾಂಪಿಯನ್.

ಆರನೇ ಪಂದ್ಯ ಗೆದ್ದ ಪಿಚರ್ ಯಾರು ಅಂತ ದಾಖಲೆ ತೆಗೆದರೆ ಕ್ವಿಸೆನ್‌ಬೆರಿ ಅಂತ ಇದೆ. ವಿಡಿಯೋದಲ್ಲಿ ಆ ಗಳಿಗೆಗೆ ಎಲ್ಲರೂ ಡಗ್‌ಔಟ್‌ನಿಂದ ಹೊರಗೆ ನುಗ್ಗುತ್ತಾರೆ. ಬಿಳಿ ಅಂಗಿಗಳ ರಾಶಿಯಲ್ಲಿ ಯಾರು ಯಾರೆಂದು ತಿಳಿಯುವುದಿಲ್ಲ. ನಾನು ಎಡಗೈಯಲ್ಲಿ ಫೋನ್ ಹಿಡಿದು, ಬಲಗೈಯನ್ನು ಮಂಚದ ಅಂಚಿನಿಂದ ನೆಲಕ್ಕೆ ಇಳಿಬಿಟ್ಟು, ವಿಡಿಯೋ ಹಿಂದಕ್ಕೆ ಎಳೆದು, 29 ಅಂತ ಬರೆದ ಬೆನ್ನನ್ನು ಮತ್ತೆ ಹುಡುಕುತ್ತೇನೆ.